ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ನಮ್ಮ ಕ್ಲಾಸ್ ಟೀಚರ್ ಒಂದು ಹಾಳೆ ಹಿಡಿದುಕೊಂಡು ಬಂದು ಐದು ಹೆಸರು ಓದಿದರು. ಯುನಿವರ್ಸಿಟಿಯವರು ನಮ್ಮಂಥ ಸ್ಕೂಲುಗಳಿಂದ ಒಂದಷ್ಟು ಮಕ್ಕಳನ್ನು ಆರಿಸಿಕೊಳ್ಳುತ್ತಾರಂತೆ, ಶನಿವಾರ ಶನಿವಾರ ಪಾಠ ಮಾಡುತ್ತಾರಂತೆ, ರಜೆಯಲ್ಲಿ ಒಂದು ವಾರ ಹಾಸ್ಟೆಲ್‌ನಲ್ಲಿ ಇಟ್ಟುಕೊಳ್ಳುತ್ತಾರಂತೆ, ಕೊನೆಗೆ ಡಿಗ್ರಿಗೆ ಅರ್ಜಿ ಹಾಕೋವರೆಗೂ ಜೊತೆಗಿರುತ್ತಾರಂತೆ. ಐದು ಹೆಸರೂ ನಾವು ಊಹಿಸಿದ್ದವೇ. ಮೊದಲ ಐದು ರ‍್ಯಾಂಕು. ನಾನು ಹದಿನೇಳನೆಯವಳು.

ಅವರಲ್ಲಿ ಒಬ್ಬ ಎದ್ದು ನಿಂತು "ಶನಿವಾರ ನನಗೆ ಟ್ಯೂಷನ್ ಇದೆ ಮಿಸ್" ಅಂದ. ಟೀಚರ್ ಸುತ್ತ ನೋಡಿದರು. ನನಗೆ ಬೋರ್ಡು ಸರಿಯಾಗಿ ಕಾಣುತ್ತಿರಲಿಲ್ಲ ಅಂತ ಮೊದಲ ಬೆಂಚಿನಲ್ಲಿ ಕೂರಿಸಿದ್ದರು. ಕಣ್ಣಿಗೆ ಬಿದ್ದವಳು ನಾನೇ. "ನೀನು ಹೋಗ್ತೀಯೇನಮ್ಮಾ?" ಅಂದರು. ಹೂಂ ಅಂದೆ. ನನ್ನ ಆಯ್ಕೆ ಪ್ರಕ್ರಿಯೆ ಅಂದರೆ ಅಷ್ಟೇ. ಇವತ್ತು ನಾನು ಅದೇ ಕಾರ್ಯಕ್ರಮದಲ್ಲಿ ಬಿಡುವಾದಾಗೆಲ್ಲ ಕೆಲಸ ಮಾಡುತ್ತೇನೆ, ಆದರೂ ಆ ಟ್ಯೂಷನ್ ಹುಡುಗನನ್ನು ನೆನೆಸಿಕೊಂಡರೆ ಈಗಲೂ ಒಂಥರಾ ಆಗುತ್ತದೆ. ಅವನು ಕಾರ್ಯಕ್ರಮಕ್ಕೆ ಬರದೇನೇ ಒಳ್ಳೆ ಕಾಲೇಜು ಸೇರಿದ, ಅದು ಬೇರೆ ಮಾತು. ಅಲ್ಲ, ಅದೇ ಮಾತು. ಮುಂದೆ ಹೇಳುತ್ತೇನೆ.

ಸೇರೋದಕ್ಕೊಂದು ಫಾರ್ಮ್ ಇತ್ತು. ತಂದೆಯ ವಿದ್ಯಾರ್ಹತೆ, ತಾಯಿಯ ವಿದ್ಯಾರ್ಹತೆ, ಮನೆಯ ವರಮಾನ. ಅಮ್ಮ ನಾಲ್ಕನೇ ಕ್ಲಾಸು, ಅಪ್ಪ ಏಳು. ಅಪ್ಪ ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದಕ್ಕೆ ಸಹಿ ಹಾಕಿದ್ರೆ ನಾಳೆ ಏನಾದ್ರೂ ಕಟ್ಟಬೇಕಾಗುತ್ತಾ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಇಲ್ಲ ಅಂತ ಸುಳ್ಳು ಹೇಳಿದೆ. ಪುಣ್ಯಕ್ಕೆ ಅದು ನಿಜವೇ ಆಗಿತ್ತು. ನಮಗೆ ನಾಚಿಕೆ ಆಗುವಂಥ ಆ ವಿದ್ಯಾರ್ಹತೆಯ ಕಾಲಮ್ಮೇ ನಮ್ಮ ಪಾಲಿನ ಅರ್ಹತೆ ಅಂತ ಆಗ ಯಾರೂ ಹೇಳಲಿಲ್ಲ. ಹೇಳಿದ್ದರೆ ಅಮ್ಮನ ಮುಂದೆ ಅದನ್ನು ತುಂಬುವಾಗ ನಾನು ಕೈಯಲ್ಲಿ ಮುಚ್ಚಿಕೊಂಡು ಬರೆಯುತ್ತಿರಲಿಲ್ಲ.

ಮೊದಲ ದಿನ ಕ್ಯಾಂಪಸ್ ತೋರಿಸಿದರು. ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ, ಯಾಕಂದ್ರೆ ಹೇಳೋದಕ್ಕೆ ಏನೂ ಇಲ್ಲ. ದೊಡ್ಡ ಲೈಬ್ರರಿ, ಮುಟ್ಟಬೇಡಿ ಅಂತ ಬರೆದ ಲ್ಯಾಬು, ಬ್ಯಾನರ್ ಮುಂದೆ ಗ್ರೂಪ್ ಫೋಟೋ. ಸಭಾಂಗಣದಲ್ಲಿ ಒಬ್ಬ ಪ್ರೊಫೆಸರ್ ದೊಡ್ಡ ಕನಸು ಕಾಣಿ ಅಂತ ಮುಕ್ಕಾಲು ಗಂಟೆ ಮಾತಾಡಿದರು. ನಮ್ಮಲ್ಲಿ ಯಾರಿಗೂ ಕನಸಿನ ಬರ ಇರಲಿಲ್ಲ. ನನ್ನ ಪಕ್ಕ ಕೂತ ಹುಡುಗಿಗೆ ಪೈಲಟ್ ಆಗಬೇಕಿತ್ತು. ಆದರೆ ಅದಕ್ಕೆ ಹನ್ನೊಂದನೇ ಕ್ಲಾಸಿನಲ್ಲಿ ಯಾವ ವಿಷಯ ತಗೋಬೇಕು ಅಂತ ಅವಳಿಗಾಗಲಿ ಅವಳ ಮನೆಯವರಿಗಾಗಲಿ ಗೊತ್ತಿರಲಿಲ್ಲ. ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರೂ ಸುಮ್ಮನಿದ್ದೆವು. ಅಷ್ಟು ದೊಡ್ಡ ಕಟ್ಟಡ ನೋಡಿ ಬಂದ ಮೇಲೆ ನಾವು ಇನ್ನಷ್ಟು ಚಿಕ್ಕವರಾದ ಹಾಗಿತ್ತು. ಒಂದು ದಿನ ತೋರಿಸಿ ಕಳಿಸಿಬಿಡುವ ಪ್ರವಾಸಗಳನ್ನು ಈಗಲೂ ಬೇಕಾದಷ್ಟು ಕಡೆ ಮಾಡುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ.

ಶನಿವಾರದ ಪಾಠ ಮಾತ್ರ ಬೇರೆಯೇ. ಆರಾರು ಮಕ್ಕಳ ಗುಂಪು, ಒಂದೊಂದು ಗುಂಪಿಗೆ ಒಬ್ಬರು ಪಿಎಚ್‌ಡಿ ಮಾಡುತ್ತಿದ್ದವರು. ನಮ್ಮ ಗುಂಪಿಗೆ ಬಂದವರನ್ನು ಮೇಡಂ ಅಂದರೆ ಅವರಿಗೇ ನಗು ಬರುತ್ತಿತ್ತು, ಹಾಗಾಗಿ ಎರಡನೇ ವಾರದಿಂದ ಅಕ್ಕ ಅಂತ ಕರೆಯೋಕೆ ಶುರು ಮಾಡಿದೆವು. ಅವರು ಓದುತ್ತಿದ್ದ ವಿಷಯವನ್ನೇ ನಮಗೆ ಬೇಕಾದಷ್ಟು ಸುಲಭ ಮಾಡಿ ಕಲಿಸುತ್ತಿದ್ದರು: ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು. ಕೊನೆಗೊಂದು ದೊಡ್ಡ ಪ್ರಬಂಧ ಬರೆಯಬೇಕಿತ್ತು, ಅದಕ್ಕೆ ಯುನಿವರ್ಸಿಟಿ ಲೆಕ್ಕದಲ್ಲೇ ಅಂಕ. ಬ್ರಿಟನ್ನಿನಲ್ಲಿ 'ಬ್ರಿಲಿಯಂಟ್ ಕ್ಲಬ್' ಅನ್ನೋ ಸಂಸ್ಥೆ 2011ರಿಂದ ಹೆಚ್ಚುಕಮ್ಮಿ ಇದೇ ರೀತಿ ನಡೆಸುತ್ತಿದೆ ಅಂತ ಎಷ್ಟೋ ವರ್ಷ ಆದ ಮೇಲೆ ತಿಳಿಯಿತು. ನಾನು ಮೊದಲ ಸಲ ಪಠ್ಯಪುಸ್ತಕದಿಂದ ಎರಡು ಪ್ಯಾರಾ ಚೊಕ್ಕವಾಗಿ ಇಳಿಸಿಕೊಂಡು ಹೋಗಿದ್ದೆ. ಸ್ಕೂಲಿನಲ್ಲಿ ಅದಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು. ಅಕ್ಕ ಪಕ್ಕದಲ್ಲಿ ಪೆನ್ಸಿಲ್‌ನಿಂದ "ಇದು ಯಾರ ಮಾತು?" ಅಂತ ಬರೆದು ಕೊಟ್ಟರು. ನನಗೆ ಸಿಟ್ಟು ಬಂತು. ಪುಸ್ತಕದ ಮಾತು ಬಿಟ್ಟು ನನ್ನ ಮಾತು ಯಾರಿಗೆ ಬೇಕು ಅಂತ. ಆಮೇಲೆ ಎರಡು ತಿಂಗಳು ಅದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇತ್ತು. "ನಿನಗೇನನ್ನಿಸ್ತು? ಯಾಕೆ ಹಾಗನ್ನಿಸ್ತು? ಬೇರೆಯವರು ಒಪ್ಪದಿದ್ರೆ ಏನಂತೀಯ?"

ಇಷ್ಟು ಒಳ್ಳೆ ಪಾಠಕ್ಕೂ ಮಕ್ಕಳು ಕಡಿಮೆಯಾಗುತ್ತಾ ಬಂದರು. ಮೂವತ್ತು ಜನ ಶುರು ಮಾಡಿದ್ದವರು ಮೊದಲ ವರ್ಷದ ಕೊನೆಗೆ ಹದಿನೆಂಟು. ಆಸಕ್ತಿ ಇಲ್ಲ ಅಂತ ಆಫೀಸಿನಲ್ಲಿ ಅಂದುಕೊಂಡಿದ್ದರು. ಕಾರಣ ಬಸ್ ಚಾರ್ಜು. ಕೊಡುತ್ತಿದ್ದರು, ಕೊಡುತ್ತಿರಲಿಲ್ಲ ಅಂತಲ್ಲ, ಆದರೆ ಟಿಕೆಟ್ ತಂದು ಕೊಟ್ಟರೆ ತಿಂಗಳ ಕೊನೆಗೆ. ಮೊದಲು ಕೈಯಿಂದ ಹಾಕೋದಕ್ಕೆ ಕೈಯಲ್ಲಿ ಇರಬೇಕಲ್ವಾ? ಅದನ್ನು ಬಾಯಿಬಿಟ್ಟು ಹೇಳೋದಕ್ಕೆ ಯಾರಿಗೂ ಮನಸ್ಸಿಲ್ಲ, ಹೊಟ್ಟೆನೋವು ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆವು. ಕೆಲವು ಹುಡುಗರು ಶನಿವಾರ ಕೆಲಸಕ್ಕೆ ಹೋಗುತ್ತಿದ್ದರು. ಒಬ್ಬ ಹುಡುಗಿ ತಮ್ಮನನ್ನು ನೋಡಿಕೊಳ್ಳಬೇಕಿತ್ತು. ಅವಳು ಒಂದು ಶನಿವಾರ ಧೈರ್ಯ ಮಾಡಿ ಅವನನ್ನೂ ಕರೆದುಕೊಂಡೇ ಬಂದಳು. ಅಕ್ಕ ಏನೂ ಅನ್ನಲಿಲ್ಲ, ಹಿಂದಿನ ಬೆಂಚಿನಲ್ಲಿ ಒಂದಷ್ಟು ಖಾಲಿ ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿದರು. ಮುಂದಿನ ತಿಂಗಳಿಂದ ಬಸ್ ದುಡ್ಡು ಮುಂಚೆಯೇ ಕೈಗೆ ಬರೋಕೆ ಶುರುವಾಯಿತು. ಯಾರು ಹೇಳಿದರೋ ಏನೋ. ಬಿಟ್ಟು ಹೋದವರಲ್ಲಿ ಮೂವರು ವಾಪಸ್ ಬಂದರು.

ಹಾಸ್ಟೆಲ್ ವಾರಕ್ಕೆ ನಮ್ಮ ಮನೆಯಲ್ಲಿ ಒಪ್ಪಲಿಲ್ಲ. ಏಳು ರಾತ್ರಿ ಹೊರಗೆ, ಅದೂ ಹುಡುಗಿ. ಯುನಿವರ್ಸಿಟಿಯ ಲೆಟರ್‌ಹೆಡ್‌ನಲ್ಲಿ ಬಂದ ಕಾಗದ ನೋಡಿ ಅಪ್ಪನಿಗೆ ಇನ್ನೂ ಅನುಮಾನ ಜಾಸ್ತಿಯಾಯಿತು. ಕೊನೆಗೆ ಅಕ್ಕನೇ ಮನೆಗೆ ಬಂದರು, ಜೊತೆಗೆ ಡಿಗ್ರಿ ಎರಡನೇ ವರ್ಷದಲ್ಲಿದ್ದ ಇನ್ನೊಬ್ಬ ಹುಡುಗಿ. ಅಕ್ಕ ಹೇಳಿದ್ದನ್ನೆಲ್ಲ ಅಪ್ಪ ತಲೆಯಾಡಿಸುತ್ತಾ ಕೇಳಿದರು, ಮನಸ್ಸು ಕರಗಿದ ಹಾಗೆ ಕಾಣಲಿಲ್ಲ. ಆ ಹುಡುಗಿ ಅಮ್ಮನ ಜೊತೆ ಒಳಗೆ ಹೋಗಿ ಅರ್ಧ ಗಂಟೆ ಮಾತಾಡಿದಳು. ಏನು ಮಾತಾಡಿದಳು ಅಂತ ಇವತ್ತಿಗೂ ಅಮ್ಮ ಪೂರ್ತಿ ಹೇಳಿಲ್ಲ. "ಅವಳ ಅಪ್ಪಾನೂ ಕೂಲಿ ಕೆಲಸವೇ ಅಂತೆ" ಅಂದರು ಅಷ್ಟೇ. ಮಾರನೇ ದಿನ ಸಹಿ ಬಿತ್ತು.

ಆ ವಾರದಲ್ಲಿ ನನಗೆ ಉಳಿದಿರೋದು ಎರಡು. ಒಂದು, ಬೀಗದ ಕೈ. ನನ್ನದೇ ಒಂದು ಬಾಗಿಲು, ಅದಕ್ಕೆ ನನ್ನ ಹತ್ತಿರ ಮಾತ್ರ ಕೀಲಿ. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ಇನ್ನೊಂದು, ರಾತ್ರಿ ಹೊತ್ತು ಕಾರಿಡಾರಿನಲ್ಲಿ ಕೂತು ಸೀನಿಯರ್‌ಗಳು ಹೇಳುತ್ತಿದ್ದ ಮಾತು. ಹಗಲಿನ ಟೈಮ್ ಟೇಬಲ್ಲಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಎರಡು ಪೇಪರ್ ಹೋಗಿತ್ತು ಅಂತ ಒಬ್ಬಳು ನಗುತ್ತಾ ಹೇಳಿದಳು. ಫೇಲಾದವರೂ ಅಲ್ಲೇ ಓದು ಮುಂದುವರಿಸಬಹುದು ಅಂತ ನನಗೆ ಗೊತ್ತೇ ಇರಲಿಲ್ಲ, ಒಂದು ಸಲ ಫೇಲಾದರೆ ಮನೆಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. ಪಾಠ ಅರ್ಥ ಆಗದಿದ್ದರೆ ಪ್ರೊಫೆಸರ್ ರೂಮಿಗೆ ಹೋಗಿ ಕೇಳಬಹುದು, ಬೈಯಲ್ಲ, ಅದಕ್ಕಂತಲೇ ಟೈಮ್ ಇಟ್ಟಿರುತ್ತಾರೆ ಅಂತಲೂ ಆಗಲೇ ಗೊತ್ತಾಗಿದ್ದು. ಓದಿದವರ ಮನೆಯ ಮಕ್ಕಳಿಗೆ ಇದು ಮನೆಯಲ್ಲಿ ಸುಮ್ನೆ ಕೂತಿದ್ದಾಗಲೇ ಕಿವಿಗೆ ಬಿದ್ದಿರುತ್ತದೆ. ಯಾರೋ ಹೇಳಿಕೊಟ್ಟಿದ್ದು ಅಂತ ಅವರಿಗೇ ನೆನಪಿರೋದಿಲ್ಲ.

ಇನ್ನು ಅರ್ಜಿ. ಎಲ್ಲಕ್ಕಿಂತ ಜಾಸ್ತಿ ಹೇಳಬೇಕಿರೋದು ಇದರ ಬಗ್ಗೆ.

ಹನ್ನೆರಡನೇ ಕ್ಲಾಸಿನ ವರ್ಷ ಅರ್ಜಿ ಹಾಕೋದು ಹೇಗೆ ಅಂತ ಒಂದು ದಿನ ಸ್ಲೈಡ್ ಹಾಕಿ ವಿವರಿಸಿದರು. ಒಂದು ಪುಸ್ತಿಕೆಯನ್ನೂ ಕೊಟ್ಟರು. ಚೆನ್ನಾಗಿಯೇ ಇತ್ತು, ಕೊನೆ ದಿನಾಂಕ, ಬೇಕಾದ ದಾಖಲೆ, ಎಲ್ಲ. ನಾನು ಅದನ್ನು ಜೋಪಾನವಾಗಿ ಬ್ಯಾಗಿನಲ್ಲಿ ಇಟ್ಟುಕೊಂಡೆ, ಮೂರು ವಾರ ತೆಗೆಯಲೇ ಇಲ್ಲ. ಸೋಮಾರಿತನ ಅಂತ ನನಗೇ ಅನ್ನಿಸಿತ್ತು. ಆಮೇಲೆ ಕೇಳಿದರೆ ನಮ್ಮ ಗುಂಪಿನಲ್ಲಿ ಒಬ್ಬರೂ ತೆಗೆದಿರಲಿಲ್ಲ. ಅದನ್ನು ತೆಗೆದರೆ ಎಲ್ಲೋ ಒಂದು ಕಡೆ ಗೊತ್ತಿಲ್ಲದ ಪ್ರಶ್ನೆ ಬರುತ್ತದೆ, ಕೇಳೋದಕ್ಕೆ ಯಾರೂ ಇರೋದಿಲ್ಲ, ಆ ಭಯ.

ಅಕ್ಕನಿಗೆ ಹೇಗೋ ಗೊತ್ತಾಯಿತು. ಮುಂದಿನ ಶನಿವಾರ ಪಾಠ ರದ್ದು. ಕಂಪ್ಯೂಟರ್ ರೂಮಿನಲ್ಲಿ ಪ್ರತಿ ಮೇಜಿಗೆ ಎರಡು ಕುರ್ಚಿ ಹಾಕಿಸಿದ್ದರು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಒಬ್ಬ ಸೀನಿಯರ್. ಕೂತು ಅಲ್ಲೇ ತುಂಬೋದು, ಮುಗಿಯೋವರೆಗೂ ಏಳೋ ಹಾಗಿಲ್ಲ. ನನ್ನ ಫಾರ್ಮು ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡಿತು. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿಗೆ ಇನಿಶಿಯಲ್ ಇತ್ತು, ಗುರುತಿನ ಚೀಟಿಯಲ್ಲಿ ಇರಲಿಲ್ಲ, ನನ್ನ ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ. ಇದೇ ಮನೆಯಲ್ಲಾಗಿದ್ದರೆ ಅಲ್ಲಿಗೆ ಕಂಪ್ಯೂಟರ್ ಮುಚ್ಚಿ ಎದ್ದು ಹೋಗುತ್ತಿದ್ದೆ, ಖಂಡಿತ. ಪಕ್ಕದಲ್ಲಿದ್ದವನು "ಅಯ್ಯೋ ಇದು ಎಲ್ಲರಿಗೂ ಆಗೋದೇ, ಒಂದು ಅಫಿಡವಿಟ್ ಸಾಕು, ಮುಂದೆ ಹೋಗು" ಅಂದ. ಮುಂದೆ ಹೋದೆ. ಅರ್ಜಿ ಶುಲ್ಕದಿಂದ ವಿನಾಯಿತಿ ಬೇಕೇ ಅನ್ನೋ ಚೌಕವನ್ನು ಖಾಲಿ ಬಿಟ್ಟೆ. ಬಡವರು ಅಂತ ಮೊದಲೇ ತೋರಿಸಿಕೊಂಡರೆ ಸೀಟು ಕೊಡಲ್ಲವೇನೋ ಅಂತ. ಅವನು ನೋಡಿ ಕೇಳಿದ. ಹೇಳಿದೆ. "ಸೀಟು ಕೊಡೋರು ಈ ಪುಟ ನೋಡೋದೇ ಇಲ್ಲ ಕಣೇ, ಇದು ದುಡ್ಡಿನ ಸೆಕ್ಷನ್ನಿಗೆ ಹೋಗುತ್ತೆ" ಅಂದ. ಟಿಕ್ ಹಾಕಿದೆ. ಎರಡು ಗಂಟೆ ಹತ್ತು ನಿಮಿಷದಲ್ಲಿ ಮೂರು ವರ್ಷದ ಕೆಲಸ ಮುಗಿಯಿತು.

ಎರಡನೇ ಕುರ್ಚಿಯ ಬೆಲೆ ಎಷ್ಟು ಅಂತ ಆಮೇಲೆ ನಾನು ಹುಡುಕಿ ಓದಿದೆ. ಅಮೆರಿಕದಲ್ಲಿ ಕಾಲೇಜಿಗೆ ಸರ್ಕಾರದ ಹಣಕಾಸು ನೆರವು ಬೇಕಂದರೆ ಫಾಫ್ಸಾ ಅನ್ನೋ ಫಾರ್ಮ್ ತುಂಬಬೇಕು, ಆಗ ಅದು ತುಂಬ ಉದ್ದವಿತ್ತು. ಎರಿಕ್ ಬೆಟಿಂಗರ್, ಬ್ರಿಜೆಟ್ ಟೆರಿ ಲಾಂಗ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು, ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ತೆರಿಗೆ ಲೆಕ್ಕ ಮಾಡಿಸೋದಕ್ಕೆ ಎಚ್ ಅಂಡ್ ಆರ್ ಬ್ಲಾಕ್ ಅಂಗಡಿಗೆ ಬಂದ ಕಡಿಮೆ ವರಮಾನದ ಮನೆಯವರಲ್ಲಿ ಕೆಲವರಿಗೆ ಅಲ್ಲೇ, ಹೇಗೂ ಲೆಕ್ಕದ ವಿವರ ಕೈಯಲ್ಲಿದೆಯಲ್ಲ ಅಂತ, ಆ ಫಾರ್ಮನ್ನೂ ತುಂಬಿಸಿದರು. ಹೆಚ್ಚಿನದು ಮೊದಲೇ ತುಂಬಿಕೊಂಡಿರುತ್ತಿತ್ತು, ಉಳಿದಿದ್ದಕ್ಕೆ ಎಂಟು ಹತ್ತು ನಿಮಿಷ. ಇನ್ನು ಕೆಲವರಿಗೆ ನಿಮಗೆ ಎಷ್ಟು ನೆರವು ಸಿಗಬಹುದು ಅನ್ನೋ ಮಾಹಿತಿ ಮಾತ್ರ ಕೊಟ್ಟು ಕಳಿಸಿದರು. ಫಾರ್ಮ್ ತುಂಬಿಸಿದ ಮನೆಗಳ ಹೈಸ್ಕೂಲು ಮಕ್ಕಳಲ್ಲಿ ಎರಡು ವರ್ಷ ಕಾಲೇಜು ಪೂರೈಸಿದವರು ನೂರಕ್ಕೆ 28 ಇದ್ದದ್ದು 36 ಆಯಿತು. ಮಾಹಿತಿ ಮಾತ್ರ ಸಿಕ್ಕವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಇಲ್ಲ. ಓದಿದಾಗ ನನಗೆ ಬ್ಯಾಗಿನಲ್ಲಿದ್ದ ಆ ಪುಸ್ತಿಕೆ ನೆನಪಾಯಿತು.

ಹಾಗಂತ ಕಾಗದ ಯಾವಾಗಲೂ ದಂಡ ಅಂತ ಹೇಳೋಕಾಗಲ್ಲ. ಮಿಷಿಗನ್ ಯುನಿವರ್ಸಿಟಿಯವರು 2015ರಲ್ಲಿ ಬಡ ಮನೆಗಳ ಚೆನ್ನಾಗಿ ಓದುವ ಮಕ್ಕಳಿಗೆ ಒಂದು ದೊಡ್ಡ ಪ್ಯಾಕೆಟ್ ಕಳಿಸಿದರು. ನೀನು ಅರ್ಜಿ ಹಾಕು, ಸೀಟು ಸಿಕ್ಕರೆ ನಾಲ್ಕು ವರ್ಷ ಬೋಧನಾ ಶುಲ್ಕ ಇಲ್ಲ, ಇದು ಖಾತ್ರಿ. ಮಜಾ ಏನಂದ್ರೆ, ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಮೊದಲೂ ಸಿಗುತ್ತಿತ್ತು, ಆದರೆ ಅರ್ಜಿ, ಫಾರ್ಮು ಎಲ್ಲ ಆದ ಮೇಲಷ್ಟೇ ಗೊತ್ತಾಗುತ್ತಿತ್ತು. ಮುಂಚೆಯೇ ಹೇಳಿದ್ದಕ್ಕೆ ಅರ್ಜಿ ಹಾಕಿದವರು ನೂರಕ್ಕೆ 26ರಿಂದ 68ಕ್ಕೆ ಏರಿದರು. ಸೇರಿದವರು 12ರಿಂದ 27ಕ್ಕೆ. ನಮ್ಮ ಅಪ್ಪ ಕೇಳಿದ ಪ್ರಶ್ನೆಗೆ ಯಾರೋ ಲೆಟರ್‌ಹೆಡ್‌ನಲ್ಲಿ ನೇರವಾಗಿ ಉತ್ತರ ಬರೆದು ಕಳಿಸಿದ ಹಾಗೆ. ಬರೆಯೋದೇ ಆದರೆ ಹಾಗೆ ಬರೆಯಬೇಕು.

ನಮ್ಮ ತಂಡದಲ್ಲಿ ಹನ್ನೊಂದು ಜನಕ್ಕೆ ಸೀಟು ಸಿಕ್ಕಿತು. ದೊಡ್ಡ ಸಂಭ್ರಮ, ಸರ್ಟಿಫಿಕೇಟು, ಮತ್ತೆ ಅದೇ ಬ್ಯಾನರ್ ಮುಂದೆ ಫೋಟೋ. ಕಾರ್ಯಕ್ರಮ ಮುಗಿಯಿತು. ಕಾಲೇಜು ಶುರುವಾಗೋದಕ್ಕೆ ಇನ್ನೂ ಎರಡೂವರೆ ತಿಂಗಳಿತ್ತು.

ಆ ಎರಡೂವರೆ ತಿಂಗಳು ನಾವು ಯಾರ ಮಕ್ಕಳೂ ಆಗಿರಲಿಲ್ಲ. ಸ್ಕೂಲು ಬಿಟ್ಟಾಗಿತ್ತು, ಕಾಲೇಜಿನವರಿಗೆ ನಾವಿನ್ನೂ ಬರೀ ಒಂದು ಅರ್ಜಿ ಸಂಖ್ಯೆ. ಒಂದರ ಹಿಂದೆ ಒಂದು ಕಾಗದ ಕೇಳುತ್ತಿದ್ದರು. ಹಾಸ್ಟೆಲ್ ಫಾರ್ಮ್, ಮೆಡಿಕಲ್ ಸರ್ಟಿಫಿಕೇಟ್, ಹಾಸ್ಟೆಲ್ ಮುಂಗಡ, ಯಾವುದೋ ಪೋರ್ಟಲ್ಲಿಗೆ ಪಾಸ್‌ವರ್ಡು. ತಮ್ಮನನ್ನು ಕರೆದುಕೊಂಡು ಬರುತ್ತಿದ್ದಳಲ್ಲ ಆ ಹುಡುಗಿ, ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವಳು, ಅವಳಿಗೆ ಮುಂಗಡದ ಕೊನೆ ದಿನ ಇಮೇಲ್‌ನಲ್ಲಿ ಬಂದಿತ್ತು. ಅವಳು ಇಮೇಲ್ ನೋಡುತ್ತಿದ್ದದ್ದು ನಮ್ಮ ಶನಿವಾರದ ಕಂಪ್ಯೂಟರ್ ರೂಮಿನಲ್ಲಿ ಮಾತ್ರ. ಗೊತ್ತಾಗುವಷ್ಟರಲ್ಲಿ ಹಾಸ್ಟೆಲ್ ತುಂಬಿತ್ತು. ದಿನಾ ಓಡಾಡೋ ದೂರ ಅಲ್ಲ. ಮುಂದಿನ ವರ್ಷ ನೋಡೋಣ ಅಂದರು ಮನೆಯಲ್ಲಿ. ಹನ್ನೊಂದರಲ್ಲಿ ಇಬ್ಬರು ಹೀಗೆ ಹೋದರು. ಆಗ ಅದನ್ನು ನಾವು ಅವರವರ ಹಣೆಬರಹ ಅಂದುಕೊಂಡೆವು.

ಇದಕ್ಕೂ ಒಂದು ಹೆಸರಿದೆ ಅಂತ ಗೊತ್ತಾದಾಗ ನನಗೆ ಸಮಾಧಾನಕ್ಕಿಂತ ಸಿಟ್ಟೇ ಜಾಸ್ತಿ ಬಂತು. 'ಸಮ್ಮರ್ ಮೆಲ್ಟ್' ಅನ್ನುತ್ತಾರೆ. ಬೆಂಜಮಿನ್ ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ ಅನ್ನೋ ಸಂಶೋಧಕರು ಇದನ್ನು ವರ್ಷಗಟ್ಟಲೆ ನೋಡಿದ್ದಾರೆ. ಅಮೆರಿಕದಲ್ಲಿ ಸೀಟು ಸಿಕ್ಕಿ, ಸೇರುತ್ತೇವೆ ಅಂತ ತೀರ್ಮಾನಿಸಿದ ಮಕ್ಕಳಲ್ಲಿ ನೂರಕ್ಕೆ 10ರಿಂದ 20 ಜನ ಆ ಬೇಸಿಗೆಯಲ್ಲಿ ಕರಗಿಹೋಗುತ್ತಾರಂತೆ, ಬಡ ಮನೆಯವರಲ್ಲಿ ಇನ್ನೂ ಜಾಸ್ತಿ. ನಮ್ಮ ಇಬ್ಬರು ಸರಿಯಾಗಿ ಆ ಲೆಕ್ಕದೊಳಗೇ ಬರುತ್ತಾರೆ. ಆ ಸಂಶೋಧಕರು ಅಂಥ ಬೇಸಿಗೆಯಲ್ಲಿ ಮಕ್ಕಳಿಗೆ ನೆನಪಿನ ಮೆಸೇಜು ಕಳಿಸಿ, ಬೇಕಾದರೆ ಒಬ್ಬ ಸಲಹೆಗಾರರ ಜೊತೆ ಮಾತಾಡೋ ಹಾಗೆ ಮಾಡಿದಾಗ ಕೆಲವು ಕಡೆ ಸೇರುವವರು ಹೆಚ್ಚಾದರು. ಇದನ್ನು ನೋಡಿ ಎಲ್ಲರಿಗೂ ಖುಷಿಯಾಯಿತು, ಮೆಸೇಜು ಅಗ್ಗ ತಾನೇ. ಆಮೇಲೆ ಅಂಥದ್ದೇ ನೆನಪಿನ ಸಂದೇಶಗಳನ್ನು, ಫಾಫ್ಸಾ ಫಾರ್ಮಿಗಾಗಿ, ಎಂಟು ಲಕ್ಷಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿಗೆ ಕಳಿಸಿ ನೋಡಿದಾಗ ಏನೂ ಪರಿಣಾಮ ಕಾಣಲಿಲ್ಲ. ನನಗಂತೂ ಆಶ್ಚರ್ಯ ಆಗಲಿಲ್ಲ. ಗೊತ್ತಿರೋ ಅಕ್ಕನಿಂದ ಬಂದ ಮೆಸೇಜಿಗೂ ಯಾವುದೋ ನಂಬರಿನಿಂದ ಬಂದ ಮೆಸೇಜಿಗೂ ನಾವು ಒಂದೇ ಥರ ಉತ್ತರ ಕೊಡ್ತೀವಾ?

ಈಗ ನಾನು ಮೇಜಿನ ಆ ಕಡೆಯ ಕುರ್ಚಿಯಲ್ಲಿದ್ದೇನೆ. ಈ ಕಡೆಯಿಂದ ಕಾಣುವ ತಲೆನೋವುಗಳೇ ಬೇರೆ. ವರದಿಯಲ್ಲಿ ಎಷ್ಟು ಮಕ್ಕಳು ಬಂದರು ಅಂತ ಕೇಳುತ್ತಾರೆ, ಯಾರು ಬರೋದು ನಿಲ್ಲಿಸಿದರು ಅನ್ನೋದಕ್ಕೆ ಕಾಲಮ್ಮೇ ಇಲ್ಲ. ಹಣ ಒಂದು ವರ್ಷಕ್ಕೆ ಬರುತ್ತದೆ, ಮಗು ಒಂಬತ್ತನೇ ಕ್ಲಾಸಿನಿಂದ ಡಿಗ್ರಿಗೆ ಬರೋದಕ್ಕೆ ನಾಲ್ಕು ವರ್ಷ ಬೇಕು. ಇಂಗ್ಲೆಂಡಿನಲ್ಲಿ 2004ರಲ್ಲಿ ಶುರುವಾದ 'ಏಮ್‌ಹೈಯರ್' ಅನ್ನೋ ದೊಡ್ಡ ಕಾರ್ಯಕ್ರಮವನ್ನು 2011ರಲ್ಲಿ ನಿಲ್ಲಿಸಿದರು, ಆರು ವರ್ಷ ಬಿಟ್ಟು ಬೇರೆ ಹೆಸರಿನಲ್ಲಿ ಅದೇ ಬಗೆಯ ಕೆಲಸಕ್ಕೆ ಮತ್ತೆ ದುಡ್ಡು ಕೊಟ್ಟರು. ನಡುವೆ ಹನ್ನೆರಡು ವರ್ಷದವರಾಗಿದ್ದ ಮಕ್ಕಳು ಹದಿನೆಂಟಾದರು. ಕಾಯೋದಕ್ಕೆ ಆಗೋದಿಲ್ಲ ಅವರಿಗೆ.

ಆದರೆ ನನಗೆ ಎಲ್ಲಕ್ಕಿಂತ ಕಾಡೋದು ಪಟ್ಟಿ. ಅಮೆರಿಕದಲ್ಲಿ 'ಅಪ್‌ವರ್ಡ್ ಬೌಂಡ್' ಅನ್ನೋ ಇದೇ ಬಗೆಯ ಸರ್ಕಾರಿ ಕಾರ್ಯಕ್ರಮ 1965ರಿಂದ ನಡೆಯುತ್ತಿದೆ. ಅಲ್ಲಿ ಸೇರಿಸಿಕೊಳ್ಳುವ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಬಡ ಮನೆಯವರೂ ಹೌದು, ಮನೆಯಲ್ಲಿ ಮೊದಲು ಡಿಗ್ರಿ ಮಾಡುವವರೂ ಹೌದು ಅಂತಿರಬೇಕು, ಅದು ನಿಯಮ. ಅದರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಒಟ್ಟಾರೆ ಕಾಲೇಜು ಸೇರಿದವರ ಲೆಕ್ಕದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆ ಲೆಕ್ಕದ ಬಗ್ಗೆ ಆಮೇಲೆ ಸಾಕಷ್ಟು ಜಗಳವೂ ಆಯಿತು. ಅದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ವಿಷಯ. ಡಿಗ್ರಿ ನಮ್ಮ ಕೈಯಲ್ಲಿ ಆಗೋದಲ್ಲ ಅಂದುಕೊಂಡು ಬಂದಿದ್ದ ಮಕ್ಕಳಿಗೆ ಕಾರ್ಯಕ್ರಮದಿಂದ ತುಂಬ ಉಪಯೋಗ ಆಗಿತ್ತು. ಹೇಗೂ ಹೋಗುತ್ತೇವೆ ಅಂದುಕೊಂಡಿದ್ದವರಿಗೆ ಅಷ್ಟಾಗಿ ಇಲ್ಲ. ಅಂದರೆ ಟ್ಯೂಷನ್ ಹುಡುಗ ಬೇಡ ಅಂದದ್ದು ಸರಿಯಾಗಿಯೇ ಇತ್ತು.

ಹಾಗಾಗಿ ಈಗ ಸ್ಕೂಲಿಗೆ ಹೋದಾಗ ಹೆಡ್‌ಮಾಸ್ಟರು ಪಟ್ಟಿ ಕೊಟ್ಟರೆ ತಗೊಂಡು, "ಸರ್, ಇದರಲ್ಲಿ ಇಲ್ಲದವರಲ್ಲಿ ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನೋರು ಯಾರಿದ್ದಾರೆ?" ಅಂತ ಕೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ನಾಲ್ಕು ಹೆಸರಾದರೂ ಸಿಗುತ್ತವೆ. ಎಲ್ಲ ಸಲವೂ ಸರಿಹೋಗಿದೆ ಅಂತಲ್ಲ. ಹೋದ ವರ್ಷ ಹಾಗೆ ಆರಿಸಿದ ಒಬ್ಬ ಹುಡುಗ ಮೂರೇ ಶನಿವಾರ ಬಂದು ನಿಲ್ಲಿಸಿದ. ಮನೆಗೆ ಹೋದರೆ ಮನೆಯವರು ಬೇರೆ ಕಡೆ ಹೋಗಿದ್ದರು, ವಿಳಾಸ ಸಿಗಲಿಲ್ಲ.

ಸೀಟು ಸಿಕ್ಕ ದಿನ ಮುಗಿಯುತ್ತಿದ್ದ ಕಾರ್ಯಕ್ರಮವನ್ನು ಈಗ ನಾವು ಕಾಲೇಜಿನ ಮೊದಲ ತಿಂಗಳವರೆಗೆ ಎಳೆದಿದ್ದೇವೆ. ದುಡ್ಡೇನೂ ಬೇಕಾಗಲಿಲ್ಲ, ನಾವು ಎಂಟು ಜನ ಫೋನ್ ನಂಬರು ಕೊಟ್ಟಿದ್ದೇವೆ ಅಷ್ಟೇ, ಒಬ್ಬೊಬ್ಬರಿಗೆ ಮೂರೋ ನಾಲ್ಕೋ ಮಕ್ಕಳು. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಒಬ್ಬಳ ಮೆಸೇಜು ಬಂತು. "ಅಕ್ಕ, ಹಾಸ್ಟೆಲ್ ಫಾರ್ಮಲ್ಲಿ ಬ್ಲಡ್ ಗ್ರೂಪ್ ಕೇಳಿದ್ದಾರೆ. ನಂದು ಗೊತ್ತಿಲ್ಲ. ಸ್ಟಾರ್ ಹಾಕಿದ್ದಾರೆ ಬೇರೆ. ಇವತ್ತೇ ಲಾಸ್ಟು. ಏನ್ ಮಾಡ್ಲಿ?"

ಡ್ರಾಪ್‌ಡೌನ್‌ನಲ್ಲಿ ಕೊನೆಗೆ "ಗೊತ್ತಿಲ್ಲ" ಅಂತ ಇರುತ್ತೆ ನೋಡು ಪುಟ್ಟಿ, ಅಂತ ಬರೆದೆ. ಐದು ನಿಮಿಷ ಏನೂ ಇಲ್ಲ. ಆಮೇಲೆ ಸ್ಕ್ರೀನ್‌ಶಾಟ್ ಬಂತು, ಅರ್ಜಿ ಸಲ್ಲಿಕೆಯಾಗಿದೆ ಅಂತ.